ಅವರೆ ಬಳ್ಳಿಗೆ ಹೇನು ಹತ್ತಿದ ವರ್ಷ

ಬೇವಿನೆಣ್ಣೆ ವಾಸನೆ ಇಷ್ಟ ಅನ್ನೋ ಮನುಷ್ಯರನ್ನ ನಾನು ಇವತ್ತಿನವರೆಗೂ ನೋಡಿಲ್ಲ. ಸೀದ ಬೆಳ್ಳುಳ್ಳಿ ಥರ, ಮೂಗಿಗಿಂತ ಮೊದಲು ಗಂಟಲಿಗೆ ಹತ್ತುತ್ತೆ. ಆಮೇಲೆ ಎಷ್ಟು ಸೋಪು ಹಾಕಿ ತಿಕ್ಕಿದ್ರೂ ಬೆರಳ ಸಂದಿಯಿಂದ ಹೋಗಲ್ಲ. ಹೋದ ವಾರ ಬಟ್ಟೆ ಒಣಹಾಕೋಕೆ ಬಾಲ್ಕನಿಗೆ ಹೋಗಿದ್ದೆ. ಕೆಳಗಿನ ಫ್ಲಾಟಿನ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದಿರೋಳು, ಅವಳ ಕುಂಡಗಳಿಗೆ ಅದನ್ನೇ ಹೊಡೀತಿದ್ಲು. ವಾಸನೆ ಮೇಲೆ ಬಂತು. ತಲೆ ಎತ್ತಿ ನನ್ನ ನೋಡಿ, "ಸಾರಿ ಅಕ್ಕಾ, ಚೆಡಿ ಫುಲ್ಲಾ ಪೂಚಿ" ಅಂದ್ಲು. ಗಿಡದ ತುಂಬ ಹುಳ ಅಂತೆ. ಪರವಾಗಿಲ್ಲಮ್ಮ ಅಂದು ಸುಮ್ಮನೆ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. "ಈ ಬಿಸಿಲಲ್ಲಿ ಹೊಡೀಬೇಡ, ಎಲೆ ಸುಟ್ಟುಹೋಗುತ್ತೆ. ಹೊತ್ತು ಇಳಿದ ಮೇಲೆ ಹೊಡಿ. ಮೊದಲು ಇರುವೆ ಎಲ್ಲಿಂದ ಹತ್ತುತ್ತೆ ನೋಡು" ಅಂದೆ. ಅಂದಮೇಲೆ ಗೊತ್ತಾಯ್ತು, ಅದು ನನ್ನ ಮಾತೇ ಅಲ್ಲ. ನಾನು ಮನೇಲಿ ಒಂದು ತುಳಸಿ ಗಿಡ ಕೂಡ ನೆಟ್ಟಗೆ ಉಳಿಸಿಕೊಂಡೋಳಲ್ಲ. ಅದು ವನಜತ್ತೆ ಮಾತು. ಇಪ್ಪತ್ತೈದು ವರ್ಷದ ಮೇಲಾಯ್ತು, ಎಲ್ಲಿ ಕೂತಿತ್ತೋ ಏನೋ, ನನ್ನ ಬಾಯಿಂದ, ಅದೂ ತಮಿಳಲ್ಲಿ, ಆಚೆ ಬಂತು. ಕೈಯಲ್ಲಿದ್ದ ಟವೆಲ್ಲಿನ ನೀರು ಪಾದದ ಮೇಲೆ ತೊಟ್ಟಿಕ್ತಾ ಇತ್ತು. ಅಳು ಗಿಳು ಏನೂ ಬರಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಈ ಕಥೆ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಇವತ್ತು ಬರೆದುಬಿಡ್ತೀನಿ. ಉದ್ದ ಇದೆ, ಓದೋರು ಓದಿ.

ತೊಂಬತ್ತೆಂಟನೇ ಇಸವಿ. ನಾವಾಗ ಚೆನ್ನೈನ ಮೈಲಾಪೂರಲ್ಲಿದ್ವಿ. ದೇವಸ್ಥಾನದ ಕೊಳದಿಂದ ಎರಡು ಬೀದಿ ಆಚೆ, ರೈಲು ಡಬ್ಬಿ ಥರ ಒಂದರ ಹಿಂದೆ ಒಂದು ಕೋಣೆ ಇರೋ ಹಳೇ ಮನೆ. ಮುಂದಿನ ಅರ್ಧದಲ್ಲಿ ಓನರ್ ಮಾಮ, ಮಾಮಿ. ಹಿಂದಿನ ಅರ್ಧ ನಮ್ಮ ಪೋರ್ಷನ್. ಅಪ್ಪ ರೈಲ್ವೇಲಿ, ಅಮ್ಮ ಇನ್ಶೂರೆನ್ಸ್ ಆಫೀಸಲ್ಲಿ, ನಾನು ಏಳನೇ ಕ್ಲಾಸು, ತಮ್ಮ ಗುಂಡನಿಗೆ ಮೂರು ವರ್ಷ, ಆಮೇಲೆ ಅಪ್ಪನ ತಂಗಿ ವನಜತ್ತೆ. ಆ ಮನೆಯ ಜೀವ ಅಂದ್ರೆ ಹಿತ್ತಲು. ಒಂದು ಬಾವಿ, ಪಕ್ಕದಲ್ಲಿ ಬಟ್ಟೆ ಒಗೆಯೋ ಕಲ್ಲು, ಗೋಡೆ ಪಕ್ಕ ಸ್ನಾನದ ನೀರು ಕಾಯಿಸೋ ತಾಮ್ರದ ಬಾಯ್ಲರು. ಬೆಳಿಗ್ಗೆ ಐದೂವರೆಗೆ ಅತ್ತೆ ಬಾಯ್ಲರಿಗೆ ತೆಂಗಿನ ಚಿಪ್ಪು ತುಂಬಿ ಬೆಂಕಿ ಹಾಕಿದ್ರೆ ಆ ಹೊಗೆ ವಾಸನೆಗೇ ನನಗೆ ಎಚ್ಚರ ಆಗ್ತಿತ್ತು. ಮಾರ್ಗಳಿ ತಿಂಗಳಾದ್ರೆ, ಅಂದ್ರೆ ನಮ್ಮ ಧನುರ್ಮಾಸ, ಆ ಹೊಗೆ ಜೊತೆ ದೇವಸ್ಥಾನದ ಸ್ಪೀಕರು, ಮುಂದಿನ ಬಾಗಿಲಲ್ಲಿ ಮಾಮಿ ನೀರು ಚಿಮುಕಿಸೋ ಸದ್ದು, ಡಿಕಾಕ್ಷನ್ ಇಳಿಯೋ ವಾಸನೆ, ಎಲ್ಲಾ ಒಟ್ಟಿಗೆ ಬರ್ತಿತ್ತು. ನಿಮ್ಮಲ್ಲೂ ಎಷ್ಟೋ ಜನಕ್ಕೆ ಇಂಥದೊಂದು ಬೆಳಗಿನ ಜಾವ ಇರುತ್ತೆ, ಬೇರೆ ಊರಲ್ಲಿ, ಬೇರೆ ವಾಸನೇಲಿ. ಈಗ ಆ ಜಾಗದಲ್ಲಿ ಐದು ಫ್ಲೋರಿನ ಫ್ಲಾಟಿದೆ. ಹಿತ್ತಲಿದ್ದ ಕಡೆ ಕಾರು ನಿಲ್ಲಿಸ್ತಾರೆ. ಬಾವಿ ಎಲ್ಲಿತ್ತು ಅಂತ ತೋರಿಸು ಅಂದ್ರೆ ನನಗೂ ಆಗಲ್ಲ.

ಅತ್ತೆ ನಮ್ಮನೆಗೆ ಬಂದಾಗ ಅವಳಿಗೆ ಮೂವತ್ತೂ ಆಗಿರಲಿಲ್ಲ. ಒಂದು ಟ್ರಂಕು, ಸೆರಗಿನ ತುದೀಲಿ ಗಂಟು ಹಾಕಿದ ಒಂದು ಹಿಡಿ ಅವರೆ ಬೀಜ, ಅಷ್ಟು ತಂದಿದ್ಲು. ಅವಳ ಕಥೆ ನೇರವಾಗಿ ಹೇಳಿಬಿಡ್ತೀನಿ, ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ತಿಪಟೂರ ಕಡೆ ಕೊಟ್ಟಿದ್ರು. ಎರಡೂವರೆ ವರ್ಷದ ಮಗ ಇದ್ದ. ಗಿಡಕ್ಕೆ ಹೊಡೆಯೋ ವಿಷಾನ ಆ ಮನೇಲಿ ಯಾರೋ ಕೊಬ್ಬರಿ ಎಣ್ಣೆ ಬಾಟಲಿಗೆ ಬಗ್ಗಿಸಿ ಕೆಳಗಿನ ಗೂಡಲ್ಲಿಟ್ಟಿದ್ರು. ಮಗು ಕುಡೀತು. ಸಂಜೆವರೆಗೂ ಇರಲಿಲ್ಲ. ಇಟ್ಟಿದ್ದು ಅವಳ ಮೈದುನ ಅಂತ ಅಪ್ಪನಿಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆವತ್ತು ಮಾತ್ರ ಎಲ್ಲರೂ ಹೇಳಿದ್ದು ಒಂದೇ: ತಾಯಿಯಾದೋಳು ನೋಡ್ಕೋಬೇಡ್ವಾ. ಅವಳು ಅಲ್ಲ ಅನ್ನಲಿಲ್ಲ. ಆರು ತಿಂಗಳಿಗೆ ಗಂಡ ತಂದು ಬಿಟ್ಟುಹೋದ. ನಮ್ಮನೆಗೆ ಬಂದಾಗ ಅವಳು ಒಂದೇ ಒಂದು ಷರತ್ತು ಹಾಕಿದ್ದಂತೆ, ಈ ಮನೆಯೊಳಗೆ ವಿಷದ ಬಾಟಲು ಬರಬಾರದು. ತಿಗಣೆಗೂ ಇಲ್ಲ, ಜಿರಲೆಗೂ ಇಲ್ಲ, ಇಲಿಗೂ ಇಲ್ಲ. ಮಾಮ ಸೊಳ್ಳೆಗೆ ಅಂತ ಇಟ್ಕೊಂಡಿದ್ದ ಕೈ ಪಂಪು ಕೂಡ ನಡುವಿನ ಬಾಗಿಲು ದಾಟಿ ಈಚೆ ಬರೋ ಹಾಗಿರಲಿಲ್ಲ.

ಗುಂಡ ಹುಟ್ಟಿ ಅಮ್ಮನ ರಜೆ ಮುಗಿದಾಗ ಮಗೂನ ನೋಡ್ಕೊಳೋರು ಯಾರು ಅನ್ನೋ ಮಾತು ಬಂತು. ಅಪ್ಪ, "ವನಜ ಇದಾಳಲ್ಲ" ಅಂದ್ರು. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅತ್ತೆ ಮಡಿಲಲ್ಲಿ ಮಗು ಹಾಕಿ ಬಸ್ಸು ಹಿಡಿಯೋಕೆ ಹೊರಟುಹೋದ್ಲು. ಆವತ್ತು ಆಫೀಸಿಂದ ಮಾಮಿ ಮನೆ ಫೋನಿಗೆ ನಾಲ್ಕು ಸಲ ಫೋನ್ ಮಾಡಿದ್ಲಂತೆ. ಮಾರನೇ ದಿನ ಮೂರು. ತಿಂಗಳಾಗೋ ಹೊತ್ತಿಗೆ ಒಂದೂ ಇಲ್ಲ. ಮಾಮಿ ಅತ್ತೆಗೆ, "ಉಂಗ ಮನ್ನಿ ಇಪ್ಪ ಫೋನೇ ಪಣ್ಣಲೆ" ಅಂತ ಹೇಳಿದ್ರಂತೆ, ನಿಮ್ಮತ್ತಿಗೆ ಈಗ ಫೋನೇ ಮಾಡ್ತಿಲ್ಲ ಅಂತ. ಅತ್ತೆ ಆವತ್ತು ಸಜ್ಜಿಗೆ ಮಾಡಿದ್ಲು. ಯಾಕೆ ಅಂತ ಅಮ್ಮನಿಗೆ ಗೊತ್ತಾಗಲಿಲ್ಲ. ಒಂದು ಮಗು ಹೋದ ಕೈಗೆ ಇನ್ನೊಂದು ಮಗೂನ ನಂಬಿ ಕೊಟ್ಟಿದ್ರು. ಅವಳಿಗೆ ಭೂಮಿ ಮೇಲೆ ಇದ್ದಿದ್ದು ಅದೊಂದೇ. ಆಮೇಲೆ ಅವರೆ ಬಳ್ಳಿ.

ಪ್ರತಿ ವರ್ಷ ಮಳೆ ಶುರುವಾಗೋ ಮುಂಚೆ ಆ ಬೀಜ ಊರಿ, ಬಾವಿಯಿಂದ ಗೋಡೆವರೆಗೂ ಹಳೇ ಬಿದಿರು, ಹುರಿ ಕಟ್ಟಿ ಚಪ್ಪರ ಹಾಕ್ತಿದ್ಲು. ಡಿಸೆಂಬರಿಗೆ ನೇರಳೆ ಹೂವು, ಸಂಕ್ರಾಂತಿ ಹೊತ್ತಿಗೆ ಕಾಯಿ. ಊರಿನ ಅವರೆ ಅದು. ಬಿಡಿಸಿದ್ರೆ ಕೈಗೆ ಸೊಗಡು ಅಂಟೋದು. ಇಲ್ಲಿನವರು ಎಳೇ ಕಾಯಿನೇ ಹೆಚ್ಚಿ ಪಲ್ಯ ಮಾಡ್ತಾರೆ, ಮುಗೀತು. ನಮ್ಮನೇಲಿ ಕಾಯಿ ಬಲೀಬೇಕು, ಕಾಳು ಬಿಡಿಸಬೇಕು, ನೆನೆಹಾಕಬೇಕು, ಒಂದೊಂದೇ ಕಾಳನ್ನ ಹಿತುಕಿ ಸಿಪ್ಪೆ ತೆಗೀಬೇಕು. ಅತ್ತೆ ಹಿತುಕಿದ್ರೆ ಬೇಳೆ ಪಾತ್ರೆಗೆ ಹಾರೋದು, ಗುಂಡ ಹಿತುಕಿದ್ರೆ ಮಾಮಿ ಮೂಗಿಗೆ. ಮಾಮಿ, "ಅಯ್ಯೋ, ಒಂದು ಕೊಳಂಬು ಸಾರಿಗೆ ಇಷ್ಟು ಕೆಲಸನಾ? ನಿಮ್ಮೂರಲ್ಲಿ ಹೆಂಗಸರಿಗೆ ಬೇರೆ ಕೆಲಸವೇ ಇಲ್ವಾ?" ಅನ್ನೋರು. ಅನ್ಕೊಂಡೇ ಎರಡು ಬಟ್ಟಲು ತಿನ್ನೋರು.

ಆ ವರ್ಷ ಮಳೆ ನಿಂತಮೇಲೆ ಮೋಡ ಹೋಗಲಿಲ್ಲ. ಹತ್ತು ದಿನ ಬಿಸಿಲಿಲ್ಲ, ಗಾಳಿ ಇಲ್ಲ, ಸುಮ್ಮನೆ ಒದ್ದೆ ಬಟ್ಟೆ ಥರ ದಿನಗಳು. ಒಂದು ಬೆಳಿಗ್ಗೆ ನೋಡಿದ್ರೆ ಹೂವಿನ ತೊಟ್ಟೆಲ್ಲಾ ಕರ್ರಗೆ. ಹತ್ತಿರ ಹೋದ್ರೆ ಆ ಕಪ್ಪು ಅಲ್ಲಾಡ್ತಿದೆ. ಸಾಸಿವೆಗಿಂತ ಸಣ್ಣ ಹೇನು, ಒಂದರ ಮೇಲೊಂದು, ತುದಿ ಚಿಗುರಿನ ತುಂಬ ಬಾಯಿ ಊರಿ ಕೂತಿದ್ವು. ಎಲೆ ಮುಟ್ಟಿದ್ರೆ ಪಾಕ ಸುರಿದ ಹಾಗೆ ಅಂಟು. ಆ ಅಂಟಿಗೆ ಇರುವೆ ಸಾಲು. ಮಾಮನಿಗೆ ಅರ್ಧಂಬರ್ಧ ಕನ್ನಡ ಬರ್ತಿತ್ತು. ಬಂದು ಕನ್ನಡಕ ಏರಿಸಿ ನೋಡಿ, "ಏನಮ್ಮಾ ವನಜಾ, ಇದು ಬಳ್ಳಿಯಾ, ತಲೆಕೂದಲಾ? ನಾಳೆ ಎಲ್ಲಾ ನನ್ನ ದಾಸವಾಳಕ್ಕೆ ಬರುತ್ತೆ" ಅಂದ್ರು. ಅತ್ತೆ, "ನಿಮ್ಮ ದಾಸವಾಳದಲ್ಲಿರೋದು ಬಿಳಿದು ಮಾಮ, ನನ್ನದು ಕರೀದು. ನಿಮ್ಮ ಮಕ್ಕಳನ್ನ ನೀವು ಸಾಕಿ, ನನ್ನ ಮಕ್ಕಳನ್ನ ನಾನು ನೋಡ್ಕೋತೀನಿ" ಅಂದ್ಲು. ಮಾಮಿ ಕಿಸಕ್ಕಂತ ನಕ್ಕರು. ಮಾಮ ನಗಲಿಲ್ಲ. ಮುಂದಿನ ಭಾನುವಾರ ದಾಸವಾಳಕ್ಕೆ ಮರುಂದು ಹೊಡೆಯೋಕೆ ಆಳು ಬರ್ತಾನೆ, ಬಳ್ಳಿಗೂ ಹೊಡೆಸ್ತೀನಿ, ಬೇಡ ಅಂದ್ರೆ ಬಳ್ಳಿ ಕಿತ್ತುಬಿಡಿ ಅಂದ್ರು. ಮರುಂದು ಅಂದ್ರೆ ತಮಿಳಲ್ಲಿ ಔಷಧಿ. ಗಿಡಕ್ಕೆ ಹೊಡೆಯೋ ವಿಷಕ್ಕೂ ಅದೇ ಹೆಸರು.

"ಒಂದು ವಾರ ಬಿಡಿ ಮಾಮ. ಭಾನುವಾರದೊಳಗೆ ಒಂದು ಹೇನೂ ಇರಲ್ಲ" ಅಂದ್ಲು ಅತ್ತೆ. ಆವತ್ತು ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದ್ಲು, "ಅಣ್ಣ, ಆ ಡಬ್ಬ ಈ ಹಿತ್ತಲಿಗೆ ಬಂದ್ರೆ ನಾನಿಲ್ಲಿರಲ್ಲ."

"ಯಾರೂ ತರಲ್ಲ, ಊಟ ಮಾಡೆ" ಅಂದ್ರು ಅಪ್ಪ.

ಆ ವಾರ ನಾನು ಸ್ಕೂಲಿಂದ ಬಂದವಳೇ ಹಿತ್ತಲಿಗೆ ಓಡ್ತಿದ್ದೆ. ಬೆಳಿಗ್ಗೆ ಇಬ್ಬನಿ ಆರೋ ಮುಂಚೆ ಅತ್ತೆ ಬಾಯ್ಲರಿನ ಬೂದಿನ ಹಳೇ ಕಾಟನ್ ಸೀರೆ ತುಂಡಿಗೆ ಕಟ್ಟಿ ಬಳ್ಳಿ ಮೇಲೆ ತಟ್ಟೋಳು. ಒದ್ದೆ ಎಲೆಗೆ ಬೂದಿ ಅಂಟೋದು, ಹೇನಿನ ಮೈಗೂ. ಅವಳ ತಲೆ, ಹುಬ್ಬು ಎಲ್ಲಾ ಬೆಳ್ಳಗಾಗಿ ಗುಂಡ ಚಪ್ಪಾಳೆ ತಟ್ಟಿ, "ಅತ್ತೆ ಅಜ್ಜಿ ಆದ್ಲು!" ಅಂತ ಕುಣಿಯೋನು. ಚಪ್ಪರದ ಕಂಬಗಳಿಗೆಲ್ಲಾ ಹರಳೆಣ್ಣೆ ಅದ್ದಿದ ಬಟ್ಟೆ ಸುತ್ತಿದ್ಲು, ಇರುವೆ ಮೇಲೆ ಹತ್ತದ ಹಾಗೆ. "ಹೇನಿಗೆ ಕೈಕಾಲು ನೆಟ್ಟಗಿಲ್ಲ ಕಣೆ, ಇರುವೆನೇ ಅದನ್ನ ಎಮ್ಮೆ ಥರ ಕಾದು ಹಾಲು ಕರ್ಕೊಳೋದು. ಗೊಲ್ಲನ್ನ ಓಡಿಸಿದ್ರೆ ಅರ್ಧ ಕೆಲಸ ಆಯ್ತು" ಅನ್ನೋಳು. ಸಂಜೆ ಅಂಟುವಾಳ ಕಾಯಿ ನೆನೆಸಿ ಕಿವುಚಿ ನೊರೆ ಎಬ್ಬಿಸಿ, ಅದಕ್ಕೆ ಒಂದು ಚಮಚ ಬೇವಿನೆಣ್ಣೆ ಬಿಟ್ಟು, ಹಿಡಿ ಪೊರಕೆ ಅದ್ದಿ ಎಲೆ ಕೆಳಗಿನಿಂದ ಮೇಲಕ್ಕೆ ಚಿಮ್ಮೋಳು. ಪಂಪಲ್ಲಿ ಹೊಡೆದ್ರೆ ಸಲೀಸು ಅಂತ ಅಪ್ಪ ಹೇಳಿದ್ರು. ವಿಷ ಹಿಡಿದ ಪಂಪು ಎಷ್ಟು ತೊಳೆದ್ರೂ ವಿಷವೇ ಅಂದ್ಲು. ತೀರಾ ಹೇನು ಮುತ್ತಿದ ತುದಿಗಳನ್ನ ಹೂವಿನ ಸಮೇತ ಚಿವುಟಿ ಬಕೆಟ್ಟಿಗೆ ಹಾಕೋಳು. ಹೂವು ಚಿವುಟುವಾಗ ಮಾತ್ರ ಮಾತಾಡ್ತಿರಲಿಲ್ಲ. ನಾನು, "ಅತ್ತೆ, ಇದೆಲ್ಲಾ ಎಪ್ಪೋ ಮುಡಿಯುಂ?" ಅಂತ, ಯಾವಾಗ ಮುಗಿಯುತ್ತೆ ಅಂತ ಕೇಳಿದ್ರೆ, "ಕನ್ನಡದಲ್ಲಿ ಕೇಳೇ ತಮಿಳಮ್ಮ. ಗುಲಗಂಜಿ ಹುಳ ಬರೋವರೆಗೂ" ಅಂದ್ಲು. ಕೆಂಪು ಚಿಪ್ಪಿನ ಮೇಲೆ ಕಪ್ಪು ಚುಕ್ಕಿ ಇರೋ ಹುಳ, ಅದು ಹೇನು ತಿನ್ನುತ್ತೆ. "ಇಲ್ಲಿ ಊಟ ಇದೆ ಅಂತ ಅವಕ್ಕೆ ಸುದ್ದಿ ಹೋಗಿರುತ್ತೆ. ಬರ್ತವೆ. ಅಲ್ಲಿವರೆಗೂ ನಾವು ತಡೀಬೇಕು, ಅಷ್ಟೇ."

ಬುಧವಾರ ಅತ್ತೆ ರೇಷನ್ ಕ್ಯೂಗೆ ಹೋಗ್ತಾ, ಚಪ್ಪರದಲ್ಲಿ ಹುಳ ಕಂಡ್ರೆ ಆರಿಸಿ ಸೋಪು ನೀರಿಗೆ ಹಾಕು ಅಂತ ನನಗೆ ಹೇಳಿಹೋದ್ಲು. ಅವಳು ಹೇಳಿದ್ದು ಕಾಯಿ ಕೊರೆಯೋ ಹಸಿರು ಹುಳ. ನನಗೆ ಸಿಕ್ಕಿದ್ದು ಬೇರೆ. ಕಪ್ಪು ಮೈ, ಮೇಲೆ ಕಿತ್ತಳೆ ಮಚ್ಚೆ, ಮುಳ್ಳು ಮುಳ್ಳು, ಅಕ್ಕಿ ಕಾಳಿನಷ್ಟು ಉದ್ದದ ಮೊಸಳೆ ಮರಿ ಹಾಗೆ. ಹೇನಿನ ಗುಂಪಿನ ಮಧ್ಯೆನೇ ಓಡಾಡ್ತಿದ್ವು. ಇಷ್ಟು ಅಸಹ್ಯವಾಗಿರೋದು ಕೆಟ್ಟದ್ದೇ ಇರಬೇಕು ಅಂತ ಆರಿಸಿದೆ. ಒಂದೂ ಬಿಡದೆ, ಕೈಗೆ ಎಟುಕೋ ಅಷ್ಟೂ ಕಡೆ. ಅತ್ತೆ ಬಂದಾಗ ಡಬ್ಬ ಎತ್ತಿ ತೋರಿಸಿದೆ, ಶಭಾಷ್ ಅನ್ನಲಿ ಅಂತ. ಅವಳು ಡಬ್ಬದೊಳಗೆ ನೋಡಿದ್ಲು. ಒಂದು ಕಡ್ಡಿಯಿಂದ ಅಲ್ಲಾಡಿಸಿ ನೋಡಿದ್ಲು, ಯಾವುದಾದ್ರೂ ಬದುಕಿದೆಯಾ ಅಂತ.

"ಇವು ಗುಲಗಂಜಿ ಹುಳದ ಮರಿಗಳು ಕಣೆ" ಅಂದ್ಲು. "ದೊಡ್ಡವಕ್ಕಿಂತ ಇವೇ ಜಾಸ್ತಿ ತಿನ್ನೋದು."

ನಾನು ಅಳೋಕೆ ಶುರು ಮಾಡಿದೆ. ಆಗೆಲ್ಲಾ ನನಗೆ ಅಳು ಬರ್ತಿತ್ತು.

"ಅಯ್ಯೋ ಹೋಗ್ಲಿ ಬಿಡೆ. ಮರಿ ಹೇಗಿರುತ್ತೆ ಅಂತ ನಾನು ನಿನಗೆ ತೋರಿಸಿರಲಿಲ್ಲ. ನನ್ನದೇ ತಪ್ಪು" ಅಂದ್ಲು. ಅವಳಿಗೆ ಆ ಮಾತು ಅಷ್ಟು ಬೇಗ ಬರ್ತಿತ್ತು.

ಗುರುವಾರಕ್ಕೆ ಚಪ್ಪರದ ಕೆಳಭಾಗ ಮತ್ತೆ ಕಪ್ಪಾಯ್ತು. ನಾನು ಮರಿಗಳನ್ನ ಆರಿಸಿದ ಕಡೇನೇ. ಶುಕ್ರವಾರ ಸ್ಕೂಲಿಂದ ಬಂದಾಗ ಅತ್ತೆ ಗುಂಡನ್ನ ಕೊಳದ ಹತ್ತಿರ ಆಡಿಸೋಕೆ ಕರ್ಕೊಂಡು ಹೋಗಿದ್ಲು. ನಾನು ಮಾಮಿ ಹತ್ತಿರ ಹೋಗಿ ತಮಿಳಲ್ಲಿ ಎಲ್ಲಾ ಹೇಳಿದೆ. ಮಾಮಿ ಒಳ್ಳೆಯವರು, ಕೆಟ್ಟ ಉದ್ದೇಶ ಏನೂ ಇರಲಿಲ್ಲ. "ಇದುಕ್ಕಾ ಅಳರೆ, ಇದಕ್ಕೆಲ್ಲಾ ಅಳ್ತಾರಾ? ಒಂದು ಮುಚ್ಚಳ ಸಾಕು, ಎಲ್ಲಾ ಸತ್ತುಹೋಗುತ್ತೆ. ಅತ್ತೆಗೆ ಹೇಳ್ಬೇಡ" ಅಂತ ಕಣ್ಣು ಮಿಟುಕಿಸಿ, ಮಾಮನ ಮರುಂದಿನ ಡಬ್ಬದಿಂದ ಒಂದಿಷ್ಟು ಬಗ್ಗಿಸಿ ಕೊಟ್ರು. ಬಗ್ಗಿಸೋಕೆ ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಸಿರಪ್ಪಿನ ಖಾಲಿ ಕಂದು ಬಾಟಲು. ಅವರಿಗೆ ಅತ್ತೆ ಮಗನ ಕಥೆ ಗೊತ್ತಿರಲಿಲ್ಲ, ನಾವು ಹೇಳಿರಲಿಲ್ಲ. ನಿನಗೆ ಗೊತ್ತಿತ್ತಾ ಅಂತ ಕೇಳ್ತೀರಿ. ಗೊತ್ತಿತ್ತು. ಹನ್ನೆರಡು ವರ್ಷಕ್ಕೆ ಎಲ್ಲಾ ಗೊತ್ತಿರುತ್ತೆ, ಒಂದಕ್ಕೊಂದು ಸೇರಿಸಿ ನೋಡೋಕೆ ಬರಲ್ಲ. ನನಗೆ ಬೇಕಿದ್ದಿದ್ದು ಭಾನುವಾರ ಮಾಮ ಬಂದು ನೋಡಿದಾಗ ಅತ್ತೆ ಗೆದ್ದಿರಬೇಕು, ಅಷ್ಟೇ. ಒಂದು ಮಗ್ಗು ನೀರಿಗೆ ಮುಚ್ಚಳ ಬಗ್ಗಿಸಿದೆ. ಹಾಲಿನ ಹಾಗೆ ಬೆಳ್ಳಗಾಯ್ತು. ಅತ್ತೆ ಪೊರಕೆಯಲ್ಲೇ ಚಿಮ್ಮಿದೆ, ಅವಳ ಹಾಗೇ ಕೆಳಗಿನಿಂದ ಮೇಲಕ್ಕೆ. ಮಿಕ್ಕಿದ ಬಾಟಲನ್ನ ಬಟ್ಟೆ ಒಗೆಯೋ ಕಲ್ಲಿನ ಹಿಂದೆ, ತೆಂಗಿನ ಚಿಪ್ಪಿನ ರಾಶಿ ಕೆಳಗೆ ಇಟ್ಟು ಕೈ ತೊಳ್ಕೊಂಡು ಹೋಂವರ್ಕ್ ಮಾಡೋಕೆ ಕೂತೆ.

ಶನಿವಾರ ಅಮ್ಮನಿಗೆ ರಜ. ಬೆಳಿಗ್ಗೆ ಅತ್ತೆ ಬೂದಿ ಗಂಟು ಹಿಡ್ಕೊಂಡು ಹಿತ್ತಲಿಗೆ ಹೋದ್ಲು, ನಾನು ಹಲ್ಲುಜ್ತಾ ಹಿಂದೆ ಹೋದೆ. ಚಪ್ಪರದ ಕೆಳಗೆ ನೆಲದ ತುಂಬ ಕೆಂಪು ಚುಕ್ಕಿ. ಮೊದಲು ನಾನು ಯಾರೋ ಕುಂಕುಮ ಚೆಲ್ಲಿದ್ದಾರೆ ಅಂದ್ಕೊಂಡೆ. ಗುಲಗಂಜಿ ಹುಳಗಳು. ಅವಳು ಹೇಳಿದ ಹಾಗೇ ಬಂದಿದ್ವು. ಚಪ್ಪರದ ಮೇಲ್ಭಾಗ ನನ್ನ ಕೈಗೆ ಎಟುಕಿರಲಿಲ್ಲವಲ್ಲ, ಅಲ್ಲಿ ಉಳಿದ ಮರಿಗಳೂ ಬೆಳೆದು ರೆಕ್ಕೆ ಬಂದಿದ್ವೋ ಏನೋ. ಒಂದೂ ಬಿಡದೆ ಅಂಗಾತ ಬಿದ್ದಿದ್ವು, ಕಾಲು ಮಡಚಿಕೊಂಡು. ಅತ್ತೆ ಬಗ್ಗಿ ಒಂದನ್ನ ಅಂಗೈಗೆ ಎತ್ತಿಕೊಂಡ್ಲು. ಒಂದು ಎಲೆ ಕಿತ್ತು ಮೂಗಿಗೆ ಹಿಡಿದ್ಲು. ಯಾರು ಅಂತ ಕೇಳಲಿಲ್ಲ.

"ಬಾಟಲೆಲ್ಲಿ?"

ನಾನು ಕಲ್ಲಿನ ಹಿಂದೆ ತೋರಿಸಿದೆ. ಚಿಪ್ಪಿನ ರಾಶಿ ಕರಗಿತ್ತು, ಬೆಳಿಗ್ಗೆ ಯಾರೋ ಬಾಯ್ಲರಿಗೆ ಎತ್ತಿದ್ರು. ಬಾಟಲ್ ಇರಲಿಲ್ಲ.

"ಗುಂಡ ಎಲ್ಲಿ?" ಅಂದ್ಲು. ಅಂದಿದ್ದಲ್ಲ, ಅವಳ ಬಾಯಿಂದ ಅಂಥ ದನಿ ನಾನು ಕೇಳಿರಲಿಲ್ಲ. ಓಡಿದ್ಲು. ನಾನು ಬಾಯಲ್ಲಿ ಪೇಸ್ಟ್ ನೊರೆ ಇಟ್ಕೊಂಡು ಹಿಂದೆ ಓಡಿದೆ. ಅಡುಗೆಮನೆ ಕಟ್ಟೆ ಮೇಲೆ ಗುಂಡ ಕೂತಿದ್ದ, ಕಾಲು ಆಡಿಸ್ತಾ, ಕೆಮ್ತಾ. ಎರಡು ದಿನದಿಂದ ಅವನಿಗೆ ಕೆಮ್ಮು. ಅಮ್ಮನಿಗೂ ನೆಗಡಿ, ಮೂಗು ಕಟ್ಟಿತ್ತು. ಅವಳ ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಕಂದು ಬಾಟಲು. ಚಿಪ್ಪು ತರೋಕೆ ಹೋದಾಗ ಕಲ್ಲಿನ ಹಿಂದೆ ಬಿದ್ದಿತ್ತು, ನಮ್ಮನೆ ಸಿರಪ್ಪನ್ನ ಗುಂಡನೇ ಆಟಕ್ಕೆ ಎತ್ತಿಕೊಂಡು ಹೋಗಿದ್ದಾನೆ ಅಂತ ಒರೆಸಿ ತಂದಿದ್ಲು. ಮುಚ್ಚಳ ತೆಗೆದಾಗಿತ್ತು. ಚಮಚ ಇನ್ನೂ ಖಾಲಿ ಇತ್ತು. ಅಷ್ಟೇ ವ್ಯತ್ಯಾಸ.

ಅತ್ತೆ ಬಾಟಲನ್ನ ಕಿತ್ಕೊಂಡ್ಲು. ಚಮಚ ನೆಲಕ್ಕೆ ಬಿದ್ದು ಆ ಸದ್ದಿಗೆ ಗುಂಡ ಅಳೋಕೆ ಶುರು ಮಾಡಿದ. ಅಪ್ಪ ಟವೆಲ್ ಸುತ್ಕೊಂಡು ಬಚ್ಚಲಿಂದ ಬಂದ್ರು. ಬಾಟಲು ಮೂಸಿ ನೋಡಿದ್ರು, ಬಿಳಿಚಿಕೊಂಡ್ರು.

"ಯಾರು ತಂದಿದ್ದು ಇದನ್ನ?"

ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆಗೆಯೋಕೆ ಹೊತ್ತಿತ್ತು. ತುಂಬ ಹೊತ್ತಿತ್ತು.

"ನಾನೇ ಅಣ್ಣ" ಅಂದ್ಲು ಅತ್ತೆ. "ಮಾಮ ಬಳ್ಳಿ ಕೀಳಿಸ್ತೀನಿ ಅಂದ್ರಲ್ಲ. ಭಯ ಆಯ್ತು." ನನ್ನ ಕಡೆ ನೋಡಲೂ ಇಲ್ಲ.

ಅಮ್ಮ ಗುಂಡನ್ನ ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ಲು. ಕೂಗಲಿಲ್ಲ, ಬೈಯಲಿಲ್ಲ. "ಇಲ್ಲೂನಾ ವನಜ?" ಅಂದ್ಲು. ಅಷ್ಟೇ.

ಮಧ್ಯಾಹ್ನ ಅತ್ತೆ ಬಳ್ಳಿನ ಬುಡದಿಂದ ಕಿತ್ತು, ಹಸು ಗಿಸು ತಿನ್ನಬಾರದು ಅಂತ ಮೂಲೇಲಿ ಗುಂಡಿ ತೋಡಿ, ಚಪ್ಪರದ ಬಿದಿರು ಬಿಟ್ಟು ಎಲ್ಲಾ ಅದರೊಳಗೆ ತುಳಿದ್ಲು. ಆಗ ತಾನೇ ತುಂಬ್ತಾ ಇದ್ದ ಕಾಯಿಗಳಿದ್ವು. ಬೀಜಕ್ಕೆ ಅಂತ ಒಂದೂ ಇಟ್ಕೊಳ್ಳಲಿಲ್ಲ. ಮಾಮ ಬಂದು, "ಏನಮ್ಮಾ, ಒಂದು ವಾರ ಕೇಳಿದ್ಯಲ್ಲಾ, ನಾಳೆವರೆಗೂ ಇತ್ತಲ್ಲಾ" ಅಂತ ತಬ್ಬಿಬ್ಬಾದ್ರು. "ಸಾಕು ಮಾಮ" ಅಂದ್ಲು. ನಾನು ಹತ್ತಿರ ಹೋಗಿ "ಅತ್ತೆ, ನಾನು..." ಅಂದೆ. "ಕೈ ಸೋಪು ಹಾಕಿ ತೊಳೆದ್ಯಾ? ನೀರಲ್ಲಿ ತೊಳೆದ್ರೆ ಹೋಗಲ್ಲ ಅದು" ಅಂತ ಬಾವಿ ಕಟ್ಟೆ ಹತ್ತಿರ ಕೂರಿಸಿ, ಅವಳೇ ನನ್ನ ಎರಡೂ ಕೈ ಮೂರು ಸಲ ತಿಕ್ಕಿದ್ಲು, ಉಗುರಿನ ಸಂದಿ ಕೂಡ ಬಿಡದೆ. ಅವಳ ಕೈ ಒರಟಾಗಿತ್ತು, ಮಣ್ಣು ಹಿಡಿದಿತ್ತು, ಬೆಚ್ಚಗಿತ್ತು.

ಅಮ್ಮ ಆಮೇಲೂ ಅವಳಿಗೆ ಒಂದು ಕೆಟ್ಟ ಮಾತು ಆಡಿದವಳಲ್ಲ, ಅದನ್ನ ಹೇಳಲೇಬೇಕು. ಒಂದು ವಾರ ರಜ ಹಾಕಿದ್ಲು. ಅದರ ಮುಂದಿನ ಸೋಮವಾರ ಗುಂಡನ್ನ ಪಕ್ಕದ ಬೀದಿಯ ಬೇಬಿ ಸ್ಕೂಲಿಗೆ ಸೇರಿಸಿದ್ಲು, ಮಧ್ಯಾಹ್ನದ ಮೇಲೆ ನೋಡ್ಕೊಳೋಕೆ ಒಬ್ಬ ಆಯಾ. "ನಿನಗೂ ಸ್ವಲ್ಪ ರೆಸ್ಟ್ ಆಗುತ್ತೆ ವನಜ" ಅಂದ್ಲು. ಗುಂಡ ಬಾಗಿಲು ಹಿಡ್ಕೊಂಡು "ಅತ್ತೆ ಬೇಕು" ಅಂತ ಅಳೋನು. ನನಗೆ ಅರ್ಧವಾರ್ಷಿಕ ಪರೀಕ್ಷೆ ಮುಗಿದ ರಜ, ಮನೇಲೇ ಇರ್ತಿದ್ದೆ. ಹನ್ನೊಂದು ಗಂಟೆ ಅವನಿಗೆ ಅನ್ನ ಕಲಸಿ ತಿನ್ನಿಸೋ ಹೊತ್ತು. ಅತ್ತೆ ಆ ಹೊತ್ತಿಗೆ ಅಡುಗೆಮನೆ ಹೊಸಿಲಲ್ಲಿ ಬಂದು ಕೂರೋಳು. ಬಲಗೈ ಮಡಿಲಲ್ಲಿ ಹಾಗೇ ಮೇಲ್ಮುಖವಾಗಿ ಇರೋದು. ನಾನು ಕಥೆ ಪುಸ್ತಕ ಓದ್ತಾ ಇರೋ ಥರ ನೋಡ್ತಿದ್ದೆ. ಪುಟ ತಿರುಗಿಸ್ತಿದ್ದೆ. ಸಂಕ್ರಾಂತಿ ಮುಗಿದ ಮೇಲೆ ನೆಂಟರೊಬ್ಬರು ಹಾಸನದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಲ್ಲಿ ಅಡುಗೆ ಕೆಲಸ ಇದೆ ಅಂದ್ರು. ಹೋಗ್ತೀನಿ ಅಂದ್ಲು. ಯಾರೂ ಬೇಡ ಅನ್ನಲಿಲ್ಲ.

ಅಲ್ಲೇ ಇದ್ಲು, ಕೊನೇವರೆಗೂ. ಮದುವೆ ಮುಂಜಿಗೆ ಬರೋಳು, ಅಡುಗೆಮನೇಲಿ ಇರೋಳು, ಹೋಗೋಳು. ನನ್ನ ಮಗು ತೊಟ್ಟಿಲಿಗೆ ಹಾಕಿದ ದಿನ ಬಂದಿದ್ಲು. ಎತ್ತಿಕೋ ಅತ್ತೆ ಅಂದೆ. ಕೈಯಲ್ಲಿ ಎಣ್ಣೆ ಇದೆ ಅಂದ್ಲು. ಎರಡು ವರ್ಷದ ಹಿಂದೆ ತೀರಿಹೋದ್ಲು. ಸುದ್ದಿ ಬಂದಾಗ ನಾನು ಇಡ್ಲಿಗೆ ರುಬ್ಬುತ್ತಿದ್ದೆ, ಪೂರ್ತಿ ರುಬ್ಬಿ ಮುಗಿಸಿದೆ. ಹೋದ ವಾರ ಬಾಲ್ಕನಿಯಿಂದ ಒಳಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಈಗ ಪೋರೂರಲ್ಲಿ ಗುಂಡನ ಮನೇಲಿದ್ದಾಳೆ. ಮಾತು ಸುತ್ತಿಸಲಿಲ್ಲ. "ಅಮ್ಮ, ಆ ಬಾಟಲು ತಂದಿದ್ದು ಅತ್ತೆ ಅಲ್ಲ, ನಾನು" ಅಂದೆ.

"ಯಾವ ಬಾಟಲು" ಅಂತ ಅವಳು ಕೇಳಲಿಲ್ಲ. ಆ ಕಡೆ ಟಿವಿ ಸದ್ದು ಕಮ್ಮಿಯಾಯ್ತು.

"ಗೊತ್ತು ಕಣೆ. ಮಾಮಿ ಆವತ್ತು ಸಾಯಂಕಾಲವೇ ಬಂದು ಹೇಳಿ ಅತ್ತರು."

"ಮತ್ತೆ ನೀನ್ಯಾಕೆ..."

"ನಿನಗೆ ಹನ್ನೆರಡು ವರ್ಷ. ಆ ಮಾತು ನಿನ್ನ ಮೇಲೆ ಬಂದಿದ್ರೆ ಜನ್ಮ ಪೂರ್ತಿ ಇರ್ತಿತ್ತು" ಅಂದ್ಲು ಅಮ್ಮ. ಅದರ ಹಿಂದೆಯೇ, "ಅವಳಿಗೆ ಹೇಗೂ ಅಭ್ಯಾಸ ಆಗಿತ್ತು" ಅಂದ್ಲು. ಆಮೇಲೆ ಮಧ್ಯಾಹ್ನಕ್ಕೆ ಏನು ಅಡುಗೆ ಅಂತ ಕೇಳಿದ್ಲು. ಹೇಳಿದೆ. ಅವಳ ಮನೇಲಿ ಏನು ಅಂತ ಅವಳೂ ಹೇಳಿದ್ಲು.

ಅಪ್ಪ ಇದು ಗೊತ್ತಿಲ್ಲದೇನೇ ತೀರಿಹೋದ್ರು. ಗುಂಡನಿಗೆ ಅತ್ತೆ ತನ್ನನ್ನ ಸಾಕಿದ್ದೇ ನೆನಪಿಲ್ಲ, ಹಳೇ ಫೋಟೋ ತೋರಿಸಿದ್ರೆ ಹೌದಾ ಅಂತಾನೆ. ಅವಳು ಹಾಸನಕ್ಕೆ ಹೊರಟ ಬೆಳಿಗ್ಗೆ ಮಾತ್ರ ನನಗೆ ಪೂರ್ತಿ ನೆನಪಿದೆ. ಸೆಂಟ್ರಲ್ ಸ್ಟೇಷನ್ನಿಗೆ ನಾವೆಲ್ಲಾ ಹೋಗಿದ್ವಿ. ಟ್ರಂಕು ಸೀಟಿನ ಕೆಳಗೆ ತಳ್ಳಿ ಅಪ್ಪ ಇಳಿದು ನೀರಿನ ಬಾಟಲ್ ತರೋಕೆ ಹೋದ್ರು. ಕಿಟಕಿ ಪಕ್ಕ ಅತ್ತೆ, ಹಸಿರು ವಾಯಿಲ್ ಸೀರೆ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ಲು. ರೈಲು ಹೊರಡೋಕೆ ಇನ್ನೂ ಐದು ನಿಮಿಷ ಇತ್ತು. ಅವಳು ಸರಳಿನ ಸಂದಿಯಿಂದ ಎರಡೂ ಕೈ ಆಚೆ ಚಾಚಿದ್ಲು. ಗುಂಡ ಅಮ್ಮನ ಸೊಂಟದ ಮೇಲಿಂದ ಪೂರ್ತಿ ಬಗ್ಗಿದ. ಅಮ್ಮ ಹಿಂದೆ ಸರಿದ್ಲು. ಜಾಸ್ತಿ ಅಲ್ಲ, ಅರ್ಧ ಹೆಜ್ಜೆ. ಅತ್ತೆ ಆ ಕೈಗಳನ್ನ ವಾಪಸ್ ತಗೊಳ್ಳಲಿಲ್ಲ. ಮೊದಲಿಂದ ನನಗೇ ಚಾಚಿದ್ದ ಹಾಗೆ ಪಕ್ಕಕ್ಕೆ ತಂದು ನನ್ನ ತಲೆ ಸವರಿದ್ಲು. ನಾನು ತಲೆ ಬಗ್ಗಿಸಿ ಕೊಟ್ಟೆ.